ಕಾಲು ಸುತ್ತು ಬಲಕ್ಕೆ

ಜನವರಿ 9

ತಮ್ಮಾ,

ಫೋನಿನಲ್ಲಿ ಹೇಳಲು ಆಗಲಿಲ್ಲ. ನಿನ್ನ "ಹಲೋ" ಕೇಳಿದ ಕೂಡಲೇ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ನೀನು ಆ ಕಡೆ ಮೂಗು ಎಳೆಯಲು ಶುರುಮಾಡಿದೆ. ನಾವಿಬ್ಬರೂ ಫೋನಿಗೆ ಲಾಯಕ್ಕಿಲ್ಲದವರು. ಕಾಗದದಲ್ಲೇ ಬರೆದುಕೊಳ್ಳೋಣ. ಅಳು ಬಂದರೆ ಪೆನ್ನು ಕೆಳಗಿಟ್ಟು ಎದ್ದು ಹೋಗಬಹುದು.

ಸುದ್ದಿ ಇಷ್ಟು. ರಕ್ತ ಹೊಂದುತ್ತದೆ. ನನ್ನ ಎರಡು ಕಿಡ್ನಿಗಳೂ ಚೆನ್ನಾಗಿವೆ, ಒಂದನ್ನು ನಿನಗೆ ಕೊಡಬಹುದು. ಆದರೆ ಡಾಕ್ಟರು ನನ್ನನ್ನು ತೂಕಕ್ಕೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ತೊಂಬತ್ನಾಲ್ಕು ಕಿಲೋ ಇದೀರಮ್ಮ. ಈ ತೂಕದಲ್ಲಿ ನಿಮ್ಮನ್ನ ಆಪರೇಶನ್ ಟೇಬಲ್ ಮೇಲೆ ಮಲಗಿಸೋ ಧೈರ್ಯ ನಂಗಿಲ್ಲ. ಎಪ್ಪತ್ತೈದಕ್ಕೆ ಇಳಿದು ಬನ್ನಿ" ಅಂದರು. ಎಷ್ಟು ದಿನದೊಳಗೆ ಇಳಿಯಬೇಕು ಅಂತ ಕೇಳಿದೆ. "ನಿಮ್ಮ ತಮ್ಮ ಎಷ್ಟು ದಿನ ತಡ್ಕೋತಾರೋ ಅಷ್ಟರೊಳಗೆ" ಅಂದರು.

ಇವತ್ತು ಕೆಲಸಕ್ಕೆ ಹೋದಾಗ ಲಾಂಡ್ರಿಯಲ್ಲಿ ಕೊಳೆಬಟ್ಟೆಯ ಚೀಲ ತೂಗುವ ಯಂತ್ರದ ಮೇಲೆ ಯಾರೂ ನೋಡದಾಗ ನಿಂತೆ. ಒಮ್ಮೆ ತೊಂಬತ್ತೊಂದು ಅಂದಿತು, ಇಳಿದು ಹತ್ತಿದರೆ ತೊಂಬತ್ತಾರು. ಯಾವುದನ್ನು ನಂಬಲಿ? ತಕ್ಕಡಿ ರಿಪೇರಿ ಸಾಹೇಬರು ತಾವು, ತಾವೇ ಅಪ್ಪಣೆ ಕೊಡಿಸಬೇಕು.

ನಿನ್ನ ಅಕ್ಕ


ಜನವರಿ 21

ಅಕ್ಕಾ,

ಚೀಲ ತೂಗುವ ಯಂತ್ರದ ಮೇಲೆ ಇನ್ನು ಹತ್ತಬೇಡ. ಇಪ್ಪತ್ತು ವರ್ಷದಿಂದ ತೂಕದ ಯಂತ್ರಗಳ ಹೊಟ್ಟೆ ಬಗೆದು ನೋಡಿದ್ದೇನೆ. ತರಕಾರಿ ಅಂಗಡಿಯದು ಒಂದು ರೀತಿ ಸುಳ್ಳು ಹೇಳುತ್ತದೆ, ಆಸ್ಪತ್ರೆಯದು ಇನ್ನೊಂದು ರೀತಿ. ಅದಕ್ಕೇ ಪಾರ್ಸಲ್‌ನಲ್ಲಿ ಒಂದು ಯಂತ್ರ ಕಳಿಸಿದ್ದೇನೆ. ಹಳೆಯದು, ಮುಳ್ಳಿನದು, ಗಟ್ಟಿ ಮಾಲು. ನನ್ನ ಕೈಯಾರೆ ಹೊಂದಿಸಿ, ಸರ್ಕಾರಿ ಮುದ್ರೆ ಬಿದ್ದ ತೂಕದ ಬಟ್ಟುಗಳಿಟ್ಟು ಪರೀಕ್ಷೆ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ, ಬರಿಗಾಲಲ್ಲಿ, ಏನೂ ತಿನ್ನುವ ಮೊದಲು ಹತ್ತು. ಅದು ಹೇಳಿದ್ದೇ ಸತ್ಯ. ಬೇರೆ ಯಾವ ಯಂತ್ರ ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡ.

ಇಲ್ಲಿ ನನ್ನನ್ನೂ ವಾರಕ್ಕೆ ಮೂರು ದಿನ ತೂಗುತ್ತಾರೆ. ಡಯಾಲಿಸಿಸ್ ಕೋಣೆಗೆ ಹೋಗುವಾಗ ಅರವತ್ತು, ನಾಲ್ಕು ಗಂಟೆ ಕುರ್ಚಿಯಲ್ಲಿ ಕೂತು ಎದ್ದು ಬರುವಾಗ ಐವತ್ತೇಳೂವರೆ. ಮೈಯಿಂದ ಹಿಂಡಿದ್ದೆಲ್ಲ ಬರೀ ನೀರು. ನೀನು ಊರವರ ಹಾಸಿಗೆ ಬಟ್ಟೆ ಹಿಂಡುತ್ತೀಯ, ಇವರು ನನ್ನನ್ನು ಹಿಂಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ರಿಟೈರಾದ ಮೇಷ್ಟ್ರು ಕೂರುತ್ತಾರೆ. ಸತ್ತವರ ಕಿಡ್ನಿಗೆ ಕಾಯುವ ಪಟ್ಟಿಯಲ್ಲಿ ಅವರು ನಾಲ್ಕನೆಯವರು, ನಾನು ಹನ್ನೊಂದನೆಯವನು. "ನಿಂಗಿಂತ ನಾನೇ ಮುಂದೆ ಕಣಯ್ಯ" ಅಂತ ದಿನಾ ಕಾಡಿಸುತ್ತಾರೆ.

ಕಿಡ್ನಿ ಎಷ್ಟು ತೂಗುತ್ತದೆ ಅಂತ ಡಾಕ್ಟರನ್ನು ಕೇಳಿದೆ. ಹೆಚ್ಚು ಕಡಿಮೆ ನೂರೈವತ್ತು ಗ್ರಾಂ ಅಂತೆ. ಅಂಗಡಿಗೆ ಬಂದು ನೂರರ ಬಟ್ಟು, ಐವತ್ತರ ಬಟ್ಟು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ತಮ್ಮ


ಮಾರ್ಚ್ 12

ತಮ್ಮಾ,

ಎಂಬತ್ನಾಲ್ಕು! ಎರಡು ತಿಂಗಳಲ್ಲಿ ಹತ್ತು ಕಿಲೋ! ನಿನ್ನ ಯಂತ್ರದ ಮೇಲೆ ನಿಂತು ಜೋರಾಗಿ ಕೂಗಿಕೊಂಡೆ. ನಿನ್ನ ಭಾವ ಬಸ್ಸಿನ ಡ್ಯೂಟಿ ಮುಗಿಸಿ ಬಂದು ಮಲಗಿದ್ದವರು, ಬೆಂಕಿ ಬಿತ್ತು ಅಂದುಕೊಂಡು ಎದ್ದು ಓಡಿ ಬಂದರು.

ಮೂರು ಹೊತ್ತೂ ಬೇಯಿಸಿದ ತರಕಾರಿ, ಸೌತೆಕಾಯಿ, ಒಂದು ಮೊಟ್ಟೆ. ಸಿಹಿಯ ಹೆಸರೆತ್ತುವುದಿಲ್ಲ. ಲಾಂಡ್ರಿಯ ಲಿಫ್ಟ್ ಬಿಟ್ಟು ಆರು ಮಹಡಿ ಹತ್ತುತ್ತೇನೆ. ಗುಬ್ಬಿ ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ನನ್ನ ತೂಕದ ಗೆರೆ ಎಳೆಯುತ್ತಿದ್ದಾಳೆ. ಗೆರೆ ಜಾರುಬಂಡೆಯ ಹಾಗೆ ಇಳಿದಿದೆ. "ಅಮ್ಮ, ಕೆಳಗೆ ಮಾಮ ಕೂತಿದಾರೆ, ನೀನು ಜಾರ್ಕೊಂಡು ಹೋಗಿ ಅವರ ತೊಡೆ ಮೇಲೆ ಬೀಳ್ತೀಯ" ಅನ್ನುತ್ತಾಳೆ.

ಇನ್ನು ಒಂಬತ್ತೇ ಕಿಲೋ. ಹೀಗೇ ಹೋದರೆ ಮೇ ತಿಂಗಳಲ್ಲಿ ನಿನ್ನ ಊರಿಗೆ ಬಂದುಬಿಡುತ್ತೇನೆ. ಹೋದ ತಿಂಗಳು ಬರೆದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲವಲ್ಲ, ಯಾಕೆ? ಸೋಮಾರಿ.

ಅಕ್ಕ


ಮಾರ್ಚ್ 24

ಅಕ್ಕಾ,

ಕೆಲಸ ಜಾಸ್ತಿ ಇತ್ತು, ಅದಕ್ಕೇ ಬರೆಯಲಿಲ್ಲ.

ಯಂತ್ರದ ವಿಷಯ ಒಂದು ಹೇಳುವುದಿತ್ತು. ಅದರ ತಳದಲ್ಲಿ, ಹಿಂದಿನ ಎಡಮೂಲೆಯಲ್ಲಿ, ಸಣ್ಣ ರಬ್ಬರ್ ಮುಚ್ಚಳ ಇದೆ. ತೆಗೆದರೆ ಹಿತ್ತಾಳೆಯ ಸ್ಕ್ರೂ ಕಾಣುತ್ತದೆ. ಹವೆ ಬದಲಾಗುವಾಗ ಸ್ಪ್ರಿಂಗ್ ಹದ ತಪ್ಪುತ್ತದೆ, ಸರಿಮಾಡುತ್ತಾ ಇರಬೇಕು. ಎರಡು ವಾರಕ್ಕೊಮ್ಮೆ, ಭಾನುವಾರ, ಮೊದಲು ತೂಕ ನೋಡಿ ಬರೆದುಕೋ. ಇಳಿ. ಆಮೇಲೆ ಸ್ಕ್ರೂವನ್ನು ಕಾಲು ಸುತ್ತು ಬಲಕ್ಕೆ ತಿರುಗಿಸು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ತಿರುಗಿಸಿದ ಮೇಲೆ ಮುಂದಿನ ಭಾನುವಾರದ ತನಕ ಹತ್ತಬೇಡ, ಸ್ಪ್ರಿಂಗ್ ಕೂರಬೇಕು. ಮುಳ್ಳು ಸೊನ್ನೆಯ ಮೇಲೆಯೇ ನಿಂತಿರುತ್ತದೆ, ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಯಾಕೆ, ಏನು ಅಂತ ಕೇಳಬೇಡ, ಸ್ಪ್ರಿಂಗಿನ ಪುರಾಣ ದೊಡ್ಡದು.

ಗುಬ್ಬಿಗೆ ಈಗ ಎಷ್ಟು ವರ್ಷ? ಎಂಟೋ, ಒಂಬತ್ತೋ? ಬರಿ.

ತಮ್ಮ


ಮೇ 5

ತಮ್ಮಾ,

ಗುಬ್ಬಿಗೆ ಹೋದ ವಾರ ಒಂಬತ್ತು ತುಂಬಿತು. ಅದನ್ನು ಕೇಳಿದ್ದೆಯಲ್ಲ, ಮೊದಲು ಬರೆದೆ. ಉಳಿದದ್ದು ಬರೆಯಲು ಕೈ ಬರುತ್ತಿಲ್ಲ.

ಎಂಬತ್ನಾಲ್ಕು. ಏಪ್ರಿಲ್ ಮೊದಲ ವಾರ ಎಂಬತ್ನಾಲ್ಕು, ಕೊನೆಯ ವಾರ ಎಂಬತ್ನಾಲ್ಕು, ನಿನ್ನೆಯೂ ಎಂಬತ್ನಾಲ್ಕು. ಒಂದು ವಾರ ಎಂಬತ್ಮೂರೂವರೆಗೆ ಬಂತು ಅಂತ ಕುಣಿದಾಡಿದರೆ, ಮರುವಾರ ಮತ್ತೆ ಅಲ್ಲೇ ಹೋಗಿ ಕೂತಿತು. ಜಪ್ಪಯ್ಯ ಅಂದರೂ ಮುಳ್ಳು ಕದಲುವುದಿಲ್ಲ. ತಿನ್ನುವುದು ಅಷ್ಟೇ, ಹತ್ತುವುದು ಅಷ್ಟೇ ಮಹಡಿ, ನೀನು ಹೇಳಿದ ಹಾಗೆ ಸ್ಕ್ರೂವನ್ನೂ ತಪ್ಪದೆ ತಿರುಗಿಸುತ್ತಿದ್ದೇನೆ. ಗೋಡೆಯ ಮೇಲಿನ ಜಾರುಬಂಡೆ ಈಗ ಉದ್ದನೆಯ ರಸ್ತೆಯಾಗಿದೆ. ಗುಬ್ಬಿ ಪೆನ್ಸಿಲನ್ನು ಮೆಲ್ಲಗೆ ಎಳೆಯುತ್ತಾಳೆ.

ನಮ್ಮ ಮೇಲ್ವಿಚಾರಕಿ, ಸೀಟಿ ಅಂತ ಕರೆಯುತ್ತೇವಲ್ಲ, ಆಕೆ ಹೇಳಿದಳು: "ಹಿಂಗೇ ಆಗೋದು ಕಣೆ. ಶುರುವಲ್ಲಿ ದಬದಬ ಇಳೀತದೆ, ಆಮೇಲೆ ಮೈ ಹಟ ಹಿಡೀತದೆ. ನೀನೂ ಹಟ ಹಿಡಿ." ಹಟವನ್ನೇನೋ ಹಿಡಿದಿದ್ದೇನೆ. ಆದರೆ ನನಗೆ ಹೆದರಿಕೆ ಆಗುತ್ತಿದೆ. ನನ್ನ ಮೈ ಇಳಿಯದಿದ್ದರೆ ಡಾಕ್ಟರು ಅಲ್ಲಿ ನಿನ್ನ ದಿನ ಎಣಿಸುತ್ತಾರೆ. ಬಿಸಿ ಇಸ್ತ್ರಿ ರೋಲರಿನ ಮುಂದೆ ನಿಂತು ಹೊದಿಕೆ ತಳ್ಳುವಾಗಲೂ ಅದೇ ಲೆಕ್ಕ ತಲೆಯಲ್ಲಿ ಓಡುತ್ತದೆ. ನೀನು ಹೇಗಿದ್ದೀಯ, ನಿಜ ಬರಿ.

ಅಕ್ಕ


ಮೇ 16

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಪಟ್ಟಿಯಲ್ಲಿ ಹನ್ನೊಂದರಿಂದ ಒಂಬತ್ತಕ್ಕೆ ಬಂದೆ, ಒಳ್ಳೆಯ ಸುದ್ದಿ ಅಲ್ಲವೇ?

ಸೀಟಿ ಹೇಳಿದ್ದು ಸರಿ, ಎಷ್ಟೋ ಜನಕ್ಕೆ ಹೀಗೆ ಆಗುತ್ತದೆ. ಕೆಲವರ ಮೈ ಒಂದು ತೂಕಕ್ಕೆ ಬಂದು ನಿಂತರೆ ಮುಗಿಯಿತು, ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲವಂತೆ. ಅದು ನಿನ್ನ ತಪ್ಪಲ್ಲ. ನೀನು ನಿನ್ನ ಕೈಲಾದದ್ದು ಮಾಡಿದೆ. ಬಿಟ್ಟುಬಿಡು. ಹೊಟ್ಟೆ ತುಂಬ ಊಟ ಮಾಡು. ಪಟ್ಟಿಯಿಂದಲೇ ನನಗೆ ಸಿಗುತ್ತದೆ. ಗುಬ್ಬಿಯ ಜೊತೆ ಆರಾಮಾಗಿ ಇರು.

ತಮ್ಮ


ಜೂನ್ 18

ತಮ್ಮಾ,

ಎಂಬತ್ನಾಲ್ಕು.

ಬಿಟ್ಟುಬಿಡು ಅಂತ ಬರೆಯಲು ನಿನಗೆ ಎಷ್ಟು ಸಲೀಸು! ಬಿಟ್ಟುಬಿಟ್ಟರೆ ಆಮೇಲೆ ನಾನು ಯಾವ ಮುಖ ಇಟ್ಟುಕೊಂಡು ಓಡಾಡಲಿ? ಚೆನ್ನಾಗಿದ್ದೇನೆ ಅಂತ ಬರೆದಿದ್ದೀಯ, ಆದರೆ ನಿನ್ನ ಅಕ್ಷರ ನೋಡಿದೆ. ಗೆರೆಯ ಮೇಲೆ ಸಾಲು ಹಿಡಿದು ಬರೆಯುತ್ತಿದ್ದವನು, ಈಗ ಸಾಲೆಲ್ಲ ಕೆಳಗೆ ಜಾರಿದೆ. ಎಡಗೈಯಲ್ಲಿ ಬರೆದೆಯಾ? ಬಲಗೈಗೆ ಏನಾಯಿತು?

ನಾನೂ ಚೆನ್ನಾಗಿದ್ದೇನೆ. ಸಂಜೆಯ ಊಟ ಬಿಟ್ಟಿದ್ದೇನೆ, ಅಷ್ಟೇ. ಹಸಿವು ಅಭ್ಯಾಸವಾಗಿದೆ.

ಅಕ್ಕ


ಜುಲೈ 9

ತಮ್ಮಾ,

ನೀನು ಉತ್ತರ ಬರೆದಿಲ್ಲ. ಇರಲಿ, ನಾನೇ ಬರೆಯುತ್ತೇನೆ. ಈ ಸಲ ನನ್ನ ಅಕ್ಷರವೂ ಸೊಟ್ಟ, ಏಕೆಂದರೆ ಇದು ನನ್ನ ಎಡಗೈ.

ನಿನ್ನೆ ಕೆಲಸದಲ್ಲಿ ತಲೆ ಸುತ್ತಿ ಬಿದ್ದೆ. ಬೀಳುವಾಗ ಬಲಗೈ ಇಸ್ತ್ರಿ ರೋಲರಿಗೆ ತಾಗಿತು. ಸೀಟಿ ಓಡಿ ಬಂದು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. ಇಲ್ಲದಿದ್ದರೆ ಕೈ ಹೊದಿಕೆಯ ಜೊತೆ ಒಳಗೆ ಹೋಗುತ್ತಿತ್ತು. ಅಂಗೈ, ಮೂರು ಬೆರಳು ಸುಟ್ಟಿವೆ. ವಾಸಿಯಾಗುತ್ತದೆ ಅಂದಿದ್ದಾರೆ, ಗಾಬರಿಯಾಗಬೇಡ. ಗುಬ್ಬಿ ಮಾತ್ರ ಬ್ಯಾಂಡೇಜ್ ನೋಡಿದವಳೇ ನನ್ನ ಸೆರಗು ಹಿಡಿದಳು, ಬಿಡುತ್ತಿಲ್ಲ.

ಒಂದು ತಮಾಷೆ ಕೇಳು. ಕ್ಲಿನಿಕ್ಕಿನಲ್ಲಿ ನರ್ಸ್ ನನ್ನನ್ನು ತೂಕಕ್ಕೆ ನಿಲ್ಲಿಸಿದಳು. ಎಪ್ಪತ್ಮೂರು ಅಂತ ತೋರಿಸಿತು! ಎಪ್ಪತ್ಮೂರಂತೆ! "ನಿಮ್ಮ ಯಂತ್ರ ಕೆಟ್ಟಿದೆ, ರಿಪೇರಿ ಮಾಡಿಸಿ. ನನ್ನ ತಮ್ಮ ಹೊಂದಿಸಿದ ಯಂತ್ರದಲ್ಲಿ ನಾನು ಎಂಬತ್ನಾಲ್ಕು" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೇರೆ ಯಾವ ಯಂತ್ರ ಏನೇ ಹೇಳಿದರೂ ನಂಬಬೇಡ ಅಂತ ನೀನು ಬರೆದಿದ್ದೆಯಲ್ಲ. ನಾನು ನಂಬಲಿಲ್ಲ. ಇನ್ನು ಮೇಲೆ ಬೆಳಗಿನ ಊಟವನ್ನೂ ಬಿಡುವುದೇ ಸರಿ ಅನ್ನಿಸುತ್ತಿದೆ.

ಅಕ್ಕ


ಜುಲೈ 13

ಅಕ್ಕಾ,

ಬಿಡಬೇಡ. ಈ ಕಾಗದ ಕೈಗೆ ಸಿಕ್ಕಿದ ಕೂಡಲೇ, ಓದುವುದನ್ನು ನಿಲ್ಲಿಸಿ, ಮೊದಲು ಏನಾದರೂ ತಿನ್ನು. ತಿಂದು ಬಂದು ಓದು.

ಕ್ಲಿನಿಕ್ಕಿನ ಯಂತ್ರ ಸರಿಯಾಗಿದೆ. ಕೆಟ್ಟಿರುವುದು ನನ್ನದು. ಕೆಡಿಸಿದವನು ನಾನು, ಅದೂ ನಿನ್ನ ಕೈಯಿಂದಲೇ ಕೆಡಿಸಿದೆ. ಆ ಸ್ಕ್ರೂ ಹದಕ್ಕಲ್ಲ. ಕಾಲು ಸುತ್ತು ಬಲಕ್ಕೆ ತಿರುಗಿಸಿದಾಗೆಲ್ಲ ಅದು ನಿನ್ನನ್ನು ಒಂದು ಕಿಲೋ ಮುನ್ನೂರು, ನಾನೂರು ಗ್ರಾಂ ಜಾಸ್ತಿ ತೋರಿಸುತ್ತದೆ. ಎರಡು ವಾರಕ್ಕೆ ನೀನು ಎಷ್ಟು ಇಳಿಯುತ್ತೀಯೋ ಅಷ್ಟನ್ನು ಅದು ನುಂಗುತ್ತದೆ. ಲೆಕ್ಕ ಹಾಕಿಯೇ ಹೇಳಿದ್ದೆ. ನಿನ್ನ ಮೈ ಹಟ ಹಿಡಿಯಲಿಲ್ಲ ಅಕ್ಕ. ಒಂದು ವಾರವೂ ಹಿಡಿಯಲಿಲ್ಲ.

ಮಾರ್ಚ್‌ನಲ್ಲಿ ಎಂಬತ್ನಾಲ್ಕು ಅಂತ ನೀನು ಕುಣಿದು ಬರೆದದ್ದನ್ನು ಓದಿ ನನಗೆ ಹೆದರಿಕೆ ಶುರುವಾಯಿತು. ಮೇ ತಿಂಗಳಲ್ಲಿ ಬರುತ್ತೇನೆ ಅಂದೆ. ಅಮ್ಮ ಹೋದದ್ದೂ ಚಿಕ್ಕ ಆಪರೇಶನ್‌ಗೇ ಅಲ್ಲವೇ? "ಸಂಜೆಗೆ ಬರ್ತೀನಿ ಮರಿ, ಅಕ್ಕನ ಮಾತು ಕೇಳು" ಅಂತ ಹೇಳಿ ಹೋದಳು. ನನಗೆ ಆಗ ಒಂಬತ್ತು, ನಿನಗೆ ಹದಿನಾರು. ಸಂಜೆ ನೀನು ನನ್ನನ್ನು ಬಾಗಿಲಲ್ಲಿ ಕೂರಿಸಿ ತಲೆ ಬಾಚುತ್ತಿದ್ದೆ, ಅಮ್ಮ ಬರುವಷ್ಟರಲ್ಲಿ ಚಂದ ಕಾಣಬೇಕು ಅಂತ. ಗುಬ್ಬಿಗೆ ಈಗ ಒಂಬತ್ತು. ಅವಳ ತಲೆ ಬಾಚಲು ಅಕ್ಕ ಕೂಡ ಇಲ್ಲ.

ನನಗೆ ಸಾಯುವ ಭಯ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನನ್ನು ಸಾಯಿಸಿ ಬದುಕುವ ಭಯ ಅದಕ್ಕಿಂತ ದೊಡ್ಡದು. ಬೇಡ ಅಂತ ನೇರವಾಗಿ ಹೇಳಿದರೆ ನೀನು ಕೇಳುವವಳಲ್ಲ. ಬೇಸತ್ತು ನೀನೇ ಬಿಟ್ಟುಬಿಡುತ್ತೀಯ, ಅಷ್ಟರಲ್ಲಿ ಪಟ್ಟಿಯಿಂದ ಸಿಗಬಹುದು ಅಂದುಕೊಂಡೆ. ನೀನು ಊಟ ಬಿಡುತ್ತೀಯ ಅಂತ ಹೊಳೆಯಲಿಲ್ಲ. ನಿನ್ನ ಕೈ ಸುಟ್ಟದ್ದು ನನ್ನಿಂದ.

ನಾನು ಒಂಬತ್ತಕ್ಕೆ ಬಂದದ್ದು ಮುಂದಿನ ಇಬ್ಬರು ತೀರಿಕೊಂಡದ್ದರಿಂದ. ಅದರಲ್ಲಿ ಒಬ್ಬರು ಮೇಷ್ಟ್ರು. ಅವರ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ, ನಾನು ಆ ಕಡೆ ತಿರುಗುವುದಿಲ್ಲ. ಡಯಾಲಿಸಿಸ್‌ಗೆ ಸೂಜಿ ಚುಚ್ಚುತ್ತಿದ್ದ ನನ್ನ ಬಲಗೈಯ ರಕ್ತನಾಳ ಮುಚ್ಚಿಹೋಗಿದೆ. ಈಗ ಅದರ ಬದಲು ಕುತ್ತಿಗೆಗೆ ಕೊಳವೆ ಹಾಕಿದ್ದಾರೆ. ನೀನು ಅಕ್ಷರ ನೋಡಿ ಹಿಡಿದುಬಿಟ್ಟೆ.

ಈ ಕಾಗದದ ಜೊತೆ ಎರಡು ಬಟ್ಟು ಕಳಿಸಿದ್ದೇನೆ, ನೂರರದು, ಐವತ್ತರದು. ಇವುಗಳನ್ನು ನಾನು ಮುಟ್ಟಿ ಕೆಡಿಸಿಲ್ಲ. ಬಯ್ಯುವುದಾದರೆ ಬಯ್ಯಿ. ಬರೆಯದೆ ಮಾತ್ರ ಇರಬೇಡ.

ತಮ್ಮ


ಜುಲೈ 20

ತಮ್ಮಾ,

ತಿಂದು ಬಂದು ಓದಿದೆ. ಎರಡು ಸಲ ತಿಂದೆ, ಕೋಪಕ್ಕೆ.

ನೀನು ಎದುರಿಗಿದ್ದಿದ್ದರೆ ನಿನ್ನ ಕಿವಿ ಹಿಂಡಿ ಕೈಗೆ ಕೊಡುತ್ತಿದ್ದೆ. ನಾಲ್ಕು ತಿಂಗಳು! ಒಂದೊಂದು ಸೌತೆಕಾಯಿ ತಿನ್ನುವಾಗಲೂ ನಿನ್ನ ಮುಖ ನೆನೆದುಕೊಂಡು ತಿಂದೆ. ಗೋಡೆಯ ಮೇಲಿನ ಆ ರಸ್ತೆಯನ್ನು ನೋಡಿ ನನ್ನ ಮಗು ದಿನಾ ಪೆಚ್ಚಾಗುತ್ತಿತ್ತು.

ಬೈದದ್ದಾಯಿತು. ಈಗ ನನ್ನದು ಕೇಳು. ಇದನ್ನು ನಿನ್ನ ಭಾವನಿಗೂ ಹೇಳಿಲ್ಲ.

ಮೇ ಕೊನೆಯ ಭಾನುವಾರ ತೂಕ ನೋಡಿ, ಸ್ಕ್ರೂ ತಿರುಗಿಸಿ, ಸ್ನಾನಕ್ಕೆ ಹೋಗಿ ಬಂದೆ. ತೂಕ ಬರೆದುಕೊಂಡೆನೋ ಇಲ್ಲವೋ ಮರೆತುಹೋಯಿತು. ಮತ್ತೆ ಹತ್ತಿದೆ. ಅರ್ಧ ಗಂಟೆಯ ಹಿಂದೆ ಎಂಬತ್ಮೂರು ಇದ್ದದ್ದು ಎಂಬತ್ನಾಲ್ಕೂ ಚಿಲ್ಲರೆ. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಹತ್ತಿದೆ, ಎಂಬತ್ಮೂರು. ಮುಂದಕ್ಕೆ ತಿರುಗಿಸಿ ಹತ್ತಿದೆ, ಎಂಬತ್ನಾಲ್ಕು. ನನ್ನ ತಮ್ಮ ಏನು ಮಾಡಿದ್ದಾನೆ ಅಂತ ಆ ನೆಲದ ಮೇಲೆ ಕೂತಲ್ಲಿಯೇ ತಿಳಿಯಿತು.

ಆಗಲೇ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಯಾಕೆ ಗೊತ್ತಾ? ನನಗೆ ಹಾಯೆನಿಸಿತು. ನನಗೂ ಆ ಟೇಬಲ್ ಕಂಡರೆ ಭಯ ಕಣೋ. ಆಸ್ಪತ್ರೆಯಿಂದ ಅಮ್ಮನ ಚಪ್ಪಲಿ ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ಬಂದವಳು ನಾನು. ಮುಳ್ಳು ಎಂಬತ್ನಾಲ್ಕರಲ್ಲಿ ಇರುವ ತನಕ ನನ್ನನ್ನು ಯಾರೂ ಕರೆಯುವುದಿಲ್ಲ, ನಾನು ಪ್ರಯತ್ನ ಮಾಡುತ್ತಲೇ ಇದ್ದೇನೆ, ಯಾರೂ ಹೇಡಿ ಅನ್ನುವುದಿಲ್ಲ. ಗೊತ್ತಿದ್ದೂ ಇನ್ನೂ ಮೂರು ಸಲ ತಿರುಗಿಸಿದೆ. ಕಾಲು ಸುತ್ತು ಬಲಕ್ಕೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಿರುಗಿಸಿದ ದಿನವೆಲ್ಲ ನಾಚಿಕೆಯಾಗಿ ಊಟ ಸೇರುತ್ತಿರಲಿಲ್ಲ. ಊಟ ಬಿಟ್ಟದ್ದು ನಿನಗೋಸ್ಕರ ಅಂತ ಹೇಳಿಕೊಂಡೆ. ಅದು ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ. ನನ್ನ ಕೈ ಸುಟ್ಟವನು ನೀನಲ್ಲ.

ಎಪ್ಪತ್ಮೂರು ಅಂತ ತಮಾಷೆ ಮಾಡಿ ಬರೆದೆನಲ್ಲ, ಅದು ತಮಾಷೆ ಅಲ್ಲ. ಬಿದ್ದು ಎದ್ದ ಮೇಲೆ ಗುಬ್ಬಿ ಸೆರಗು ಬಿಡಲಿಲ್ಲವಲ್ಲ, ಆಗ ಅನ್ನಿಸಿತು, ಸಾಯುವುದಾದರೆ ರೋಲರಿಗೆ ಸಿಕ್ಕಿಯೂ ಸಾಯಬಹುದು. ನನ್ನ ಬಾಯಿಂದ ನಿಜ ಹೊರಡಲಿಲ್ಲ, ನೀನಾದರೂ ಹೇಳುತ್ತೀಯೋ ಅಂತ ಕಾಯ್ದೆ. ನೀನು ಹೇಳಿದೆ. ನನಗಿಂತ ನೀನೇ ಗಟ್ಟಿ.

ನಿನ್ನೆ ಸ್ಕ್ರೂವನ್ನು ಎಂಟು ಸಲ ಎಡಕ್ಕೆ ತಿರುಗಿಸಿದೆ. ಗುಬ್ಬಿಯನ್ನು ಕರೆದು ಯಂತ್ರದ ಮೇಲೆ ನಿಂತೆ. ಎಪ್ಪತ್ನಾಲ್ಕು. ಅವಳು ಪೆನ್ಸಿಲ್ ಹಿಡಿದು ಬಂದು ಗೋಡೆಯ ಮೇಲೆ ಗೆರೆಯನ್ನು ಕೆಳಗೆ ಎಳೆದಳು, ಕೈ ನೆಲದ ಹತ್ತಿರ ಬರುವ ತನಕ. ಡಾಕ್ಟರಿಗೆ ಹೇಳಿದ್ದೇನೆ. ಕೈ ವಾಸಿಯಾದ ಕೂಡಲೇ ಬರುತ್ತೇನೆ. ಹೆದರಿಕೆ ಹೋಗಿಲ್ಲ. ಅದನ್ನೂ ಕಟ್ಟಿಕೊಂಡೇ ಬರುತ್ತೇನೆ.

ಅಕ್ಕ


ಆಗಸ್ಟ್ 27, ಬೆಳಿಗ್ಗೆ, ಆಸ್ಪತ್ರೆಯ ಮೂರನೆಯ ಮಹಡಿಯಿಂದ

ತಮ್ಮಾ,

ನೀನು ಒಂದು ಮಹಡಿ ಕೆಳಗೆ ಇದ್ದೀಯ, ಆದರೂ ನೋಡಲು ಬಿಡುವುದಿಲ್ಲವಂತೆ. ನರ್ಸಮ್ಮ ಈ ಚೀಟಿ ತಂದುಕೊಡುತ್ತೇನೆ ಅಂದಿದ್ದಾರೆ. ಆಸ್ಪತ್ರೆಯ ತೂಕ ಎಪ್ಪತ್ನಾಲ್ಕೂವರೆ. ಅವರ ಯಂತ್ರದ ತಳದಲ್ಲಿ ರಬ್ಬರ್ ಮುಚ್ಚಳ ಇದೆಯಾ ಅಂತ ಬಗ್ಗಿ ನೋಡಿದೆ. ನರ್ಸಮ್ಮ, "ಏನಾದ್ರೂ ಬಿದ್ದೋಯ್ತಾ?" ಅಂದರು.

ಹೊರಡುವಾಗ ಗುಬ್ಬಿಗೆ ಸಂಜೆಗೆ ಬರುತ್ತೇನೆ ಅಂತ ಹೇಳಲಿಲ್ಲ. "ನಂಗೆ ಭಯ ಆಗ್ತಿದೆ, ಆದ್ರೂ ಹೋಗ್ತಿದೀನಿ" ಅಂದೆ. ಅವಳು "ಸರಿ, ತಲೆ ನಾನೇ ಬಾಚ್ಕೋತೀನಿ" ಅಂದಳು. ನನ್ನ ಬಾಯಿ ಒಣಗಿದೆ, ನೀರು ಕೊಡುವುದಿಲ್ಲವಂತೆ. ಗಾಲಿ ಮಂಚ ಬರುವ ಸದ್ದು ಕೇಳುತ್ತಿದೆ.

ಅಕ್ಕ


ಆಗಸ್ಟ್ 28, ಮಧ್ಯಾಹ್ನ

ಅಕ್ಕಾ,

ನೀನು ಎದ್ದೆ ಅಂತ ಎಲ್ಲರೂ ಹೇಳುತ್ತಾರೆ. ಅಮ್ಮನ ಸಲವೂ ಸಂಜೆಯ ತನಕ ಚೆನ್ನಾಗಿದ್ದಾಳೆ ಅಂತಲೇ ಹೇಳಿದ್ದರು. ನಂಬುವುದಿಲ್ಲ. ನಿನ್ನ ಕೈಯಲ್ಲೇ ಏನಾದರೂ ಬರಿ. ಸೊಟ್ಟಗೆ ಗೀಚಿದರೂ ಸಾಕು.

ತಮ್ಮ


ಆಗಸ್ಟ್ 28, ಸಂಜೆ

ತಮ್ಮಾ,

ಇದು ನನ್ನ ಅಕ್ಷರ, ಸೊಟ್ಟಗಿದೆ, ನೋಡಿಕೋ. ಎದ್ದಿದ್ದೇನೆ. ಕೆಮ್ಮಿದರೆ ಜೀವ ಹೋಗುವ ಹಾಗೆ ನೋಯುತ್ತದೆ, ಹೋಗಲಿಲ್ಲ. ನಿನ್ನ ಎರಡು ಬಟ್ಟು ನನ್ನ ದಿಂಬಿನ ಕೆಳಗಿವೆ. ನೂರೈವತ್ತು ಗ್ರಾಂ ಕೊಟ್ಟಿದ್ದೇನೆ, ನೂರೈವತ್ತು ಗ್ರಾಂ ಇಟ್ಟುಕೊಂಡಿದ್ದೇನೆ. ಇವನ್ನು ವಾಪಸ್ ಕೇಳಬೇಡ.

ಅದಿರಲಿ. ನಿನಗೆ ಮೂತ್ರ ಬಂತಾ? ಅದು ಬಂದರೆ ಮಾತ್ರ ಕಿಡ್ನಿ ಹಿಡಿದ ಹಾಗೆ ಅಂತ ಡಾಕ್ಟರು ಹೇಳಿದ್ದರು. ಇಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ, ಹೇಳುವುದಿಲ್ಲ. ನನಗೆ ಬೇರೆ ಏನೂ ಬೇಡ, ಅದೊಂದು ಬರಿ. ಸಮಾಧಾನಕ್ಕೆ ಅಂತ ಸುಳ್ಳು ಬರೆದರೆ ನೋಡು.

ಅಕ್ಕ


ಆಗಸ್ಟ್ 28, ಅದೇ ಚೀಟಿಯ ಹಿಂಬದಿ

ಬಂತು ಅಕ್ಕ. ಹೋದ ಒಂದು ಗಂಟೆಯಲ್ಲಿ ಇನ್ನೂರ ನಲವತ್ತು ಮಿಲಿ. ಚೀಲದ ಮೇಲಿನ ಗೆರೆ ನಂಬಬೇಡಿ ಅಂದೆ. ನರ್ಸಮ್ಮ ಬೈದುಕೊಂಡು ಅಳತೆಯ ಜಾರ್‌ಗೆ ಸುರಿದು, ನನ್ನ ಕಣ್ಣೆದುರಿಗೇ ಮತ್ತೆ ಅಳೆದು ತೋರಿಸಿದರು.